ಬಾಗಿಲ ಮುಂದೆ ನಿಂತಿರೋದು ಆಟಗಾರನಾ, ಕೋಳಿಯಾ? ಮೈನ್‌ಕ್ರಾಫ್ಟ್ ಮ್ಯಾಪ್‌ಗೆ ಸೆನ್ಸರ್ ಆರಿಸುವ ಬಗೆ

ಬೇಸಿಗೆ ರಜೆಯಲ್ಲಿ ಅಕ್ಕನ ಮಗಳು ಮತ್ತು ಅವಳ ಮೂವರು ಗೆಳತಿಯರು ಸೇರಿ, ಬ್ಲಾಕ್ ಜೋಡಿಸಿ ಲೋಕ ಕಟ್ಟುವ ಮೈನ್‌ಕ್ರಾಫ್ಟ್ ಆಟದಲ್ಲಿ ಒಂದು ನಿಧಿಯ ಗುಹೆ ಕಟ್ಟಿದರು. ಯಾರಾದರೂ ಹತ್ತಿರ ಬಂದರೆ ಕಲ್ಲಿನ ಗೋಡೆ ಸರಿದು ದಾರಿ ಬಿಡಬೇಕು, ಅಷ್ಟೇ ಅವರ ಆಸೆ. ಗೋಡೆ ಸರಿಯಿತು. ಆದರೆ ಯಾರೂ ಇಲ್ಲದಾಗಲೂ ಸರಿಯತೊಡಗಿತು. "ಮಾಮ, ಇದಕ್ಕೆ ದೆವ್ವ ಹಿಡಿದಿದೆ ನೋಡು" ಅಂತ ಫೋನ್ ತಂದು ನನ್ನ ಮುಖಕ್ಕೆ ಹಿಡಿದಳು. ನೋಡಿದರೆ ಗೋಡೆಯ ಮುಂದಿನ ಮರದ ಪ್ರೆಷರ್ ಪ್ಲೇಟ್ (ಮೆಟ್ಟಿದರೆ ಸಿಗ್ನಲ್ ಕೊಡುವ ಹಲಗೆ) ಮೇಲೆ ಒಂದು ಕೋಳಿ ಹತ್ತುತ್ತಿತ್ತು, ಇಳಿಯುತ್ತಿತ್ತು. ಹತ್ತಿದಾಗ ಟಕ್, ಇಳಿದಾಗ ಟಕ್. ಸ್ವಲ್ಪ ಹೊತ್ತಿಗೆ ಕೋಳಿ ಹೊರಟುಹೋಯಿತು, ಗೋಡೆ ಮಾತ್ರ ಮುಚ್ಚಲಿಲ್ಲ. ಪ್ಲೇಟ್ ಮೇಲೆ ಮೊಟ್ಟೆ ಇಟ್ಟು ಹೋಗಿತ್ತು.

ಅಲ್ಲಿಂದ ಶುರುವಾಯಿತು ಪ್ರಶ್ನೆಗಳ ಸುರಿಮಳೆ. ಹಾಗಾದರೆ ಕಲ್ಲಿನ ಪ್ಲೇಟ್ ಇಡೋದಾ? ದಾರ ಕಟ್ಟೋದಾ? ಆ ನೀಲಿ ಬಣ್ಣದ ಸ್ಕಲ್ಕ್ ಸೆನ್ಸರ್ ಒಳ್ಳೆಯದಂತಲ್ಲ? ಆಟಕ್ಕೇ ಆಜ್ಞೆ ಕೊಡುವ ಕಮಾಂಡ್ ಬ್ಲಾಕ್ ಇದ್ದರೆ ಇದ್ಯಾವುದೂ ಬೇಡವಂತೆ, ಹೌದಾ? ಮ್ಯಾಪ್, ಅಂದರೆ ಬೇರೆಯವರು ಬಂದು ಆಡಲಿ ಅಂತ ಒಂದು ಲೋಕ, ಕಟ್ಟಲು ಹೊರಟ ಎಲ್ಲರೂ ಒಂದಲ್ಲ ಒಂದು ದಿನ ಈ ಕವಲಲ್ಲಿ ನಿಲ್ಲುತ್ತಾರೆ. ಬಹಳ ಜನ ನೋಡೋದು ಒಂದನ್ನೇ: ಆಟಗಾರ ಬಂದರೆ ಇದಕ್ಕೆ ಗೊತ್ತಾಗುತ್ತಾ? ಆ ಪ್ರಶ್ನೆಗೆ ಎಲ್ಲದರ ಉತ್ತರವೂ "ಹೌದು" ಎಂದೇ ಇದೆ, ಹಾಗಾಗಿ ಅದರಿಂದ ಆಯ್ಕೆಗೆ ಏನೂ ಸಹಾಯವಾಗಲ್ಲ. ಆಟಗಾರ ಅಲ್ಲದವರು ಬಂದರೆ ಇದು ಸುಮ್ಮನಿರುತ್ತಾ ಅಂತ ಕೇಳಿ. ಅಲ್ಲಿ ಒಂದೊಂದರ ಬಣ್ಣ ಬಯಲಾಗುತ್ತದೆ.

ಏನೇನು ನೋಡಬೇಕು

ಮೊದಲನೆಯದು, ಯಾರನ್ನು ಬಿಡಬೇಕು ಎಂಬುದು. ಕೋಳಿ, ಹಸು, ಝಾಂಬಿ, ಕೆಳಗೆ ಎಸೆದ ರೊಟ್ಟಿ, ಬಿಟ್ಟ ಬಾಣ, ಇವುಗಳಲ್ಲಿ ಯಾವುದು ಮುಟ್ಟಿದರೂ ನಡೆಯುತ್ತದೆ, ಯಾವುದು ಮುಟ್ಟಿದರೆ ಆಟವೇ ಕೆಡುತ್ತದೆ?

ಎರಡನೆಯದು, ಜಾಗದ ಆಕಾರ. ಒಂದೇ ಬ್ಲಾಕ್ ಸಾಕಾ, ಒಂದು ಗೆರೆ ದಾಟಿದರೆ ಗೊತ್ತಾಗಬೇಕಾ, ಇಡೀ ಕೋಣೆಯೇ ಬೇಕಾ?

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಸೆನ್ಸರ್ ಇರುವುದು ಆಟಗಾರನಿಗೆ ಗೊತ್ತಾಗಬೇಕಾ? ಗೊತ್ತಾದವನಿಗೆ ಅದನ್ನು ತಪ್ಪಿಸಿಕೊಂಡು ಹೋಗುವ ಅವಕಾಶ ಇರಬೇಕಾ? ಬಲೆಗೆ ಒಂದು ಉತ್ತರ, ಮನೆಯ ಬಾಗಿಲಿಗೆ ಇನ್ನೊಂದು.

ನಾಲ್ಕನೆಯದು ಲೆಕ್ಕ. ಬಂದವರು ಎಷ್ಟು ಜನ, ಬಂದವರು ಯಾರು, ಹಿಂದೆ ಒಮ್ಮೆ ಬಂದಿದ್ದರಾ, ಇದೆಲ್ಲ ಮ್ಯಾಪ್‌ಗೆ ತಿಳಿಯಬೇಕಾ?

ಕೊನೆಯದು ಖರ್ಚು. ಇಲ್ಲಿ ಖರ್ಚು ಅಂದರೆ ರೂಪಾಯಿ ಅಲ್ಲ. ಸರ್ವೈವಲ್ ಮೋಡ್‌ನಲ್ಲಿ ಆಡುವವರಿಗೆ ಕಬ್ಬಿಣ, ಚಿನ್ನ, ದಾರ ಕೂಡಿಹಾಕುವ ಪಾಡು. ಕ್ರಿಯೇಟಿವ್ ಮೋಡ್‌ನಲ್ಲಿ ಕಟ್ಟುವವರಿಗೆ ಸಾಮಾನು ಬಿಟ್ಟಿ, ಆದರೆ ಚೀಟ್ಸ್ (ಆಜ್ಞೆಗಳಿಗೆ ಅನುಮತಿ) ಆನ್ ಮಾಡಬೇಕಾದೀತು, ಆಜ್ಞೆ ಟೈಪ್ ಮಾಡಬೇಕಾದೀತು. ಫೋನ್ ಹಳೆಯದಾದರೆ ಅದರ ಶಕ್ತಿಯೂ ಖರ್ಚಿನ ಲೆಕ್ಕಕ್ಕೇ ಸೇರುತ್ತದೆ.

ಒಂದು ವಿಷಯ ನೆನಪಿಟ್ಟುಕೊಂಡರೆ ಮುಂದಿನದು ಸಲೀಸು. ರೆಡ್‌ಸ್ಟೋನ್ ಅಂದರೆ ಆಟದೊಳಗಿನ ವಿದ್ಯುತ್ ಇದ್ದಂತೆ, ಅದರ ಸಿಗ್ನಲ್‌ಗೆ 0ರಿಂದ 15ರವರೆಗೆ ಬಲವಿದೆ. ರೆಡ್‌ಸ್ಟೋನ್ ಪುಡಿಯ ಮೇಲೆ ಹರಿಯುತ್ತಾ ಪ್ರತಿ ಬ್ಲಾಕ್‌ಗೆ ಒಂದೊಂದು ಕಡಿಮೆಯಾಗುತ್ತದೆ.

ಪ್ರೆಷರ್ ಪ್ಲೇಟ್: ನಾಲ್ಕು ಬಗೆ, ನಾಲ್ಕು ಬುದ್ಧಿ

ಮರದ ಪ್ಲೇಟ್‌ಗೆ ಎರಡು ಹಲಗೆ ಸಾಕು. ಆಟದ ಮೊದಲ ದಿನವೇ ಮಾಡಿಕೊಳ್ಳಬಹುದು. ಅದಕ್ಕೇ ಎಲ್ಲರೂ ಮೊದಲು ಇಡೋದು ಇದನ್ನೇ, ಎಡವೋದೂ ಇದರಿಂದಲೇ. ಇದು ಮೇಲೆ ಬಂದ ಏನನ್ನೂ ಬಿಡಲ್ಲ. ಮನುಷ್ಯ, ಪ್ರಾಣಿ, ಕೆಳಗೆ ಬಿದ್ದ ವಸ್ತು, ಬಂದು ನೆಟ್ಟ ಬಾಣ, ಎಲ್ಲಕ್ಕೂ ಟಕ್ ಅನ್ನುತ್ತದೆ. ಒಗಟಿನ ಮ್ಯಾಪ್‌ನಲ್ಲಿ ಇದನ್ನಿಟ್ಟರೆ ಆಟಗಾರ ಜೇಬಿನಿಂದ ಒಂದು ಕೊಳೆತ ಮಾಂಸದ ತುಂಡು ಎಸೆದು ಬಾಗಿಲು ತೆರೆದಿಟ್ಟುಕೊಂಡು ಹೋಗುತ್ತಾನೆ. ಬಿದ್ದ ವಸ್ತು ಮಾಯವಾಗಲು 5 ನಿಮಿಷ ಬೇಕು, ಅಷ್ಟರಲ್ಲಿ ಅವನ ಕೆಲಸ ಮುಗಿದಿರುತ್ತದೆ. ಆದರೆ ಇದನ್ನೇ ತಿರುಗಿಸಿ ನೋಡಿ. ದೂರದಿಂದ ಬಾಣ ಬಿಟ್ಟು ಬಾಗಿಲು ತೆರೆಯುವ ಒಗಟು ಬೇಕೆಂದರೆ ಮರದ ಪ್ಲೇಟ್ ಕೈ ಹಿಡಿಯುತ್ತದೆ, ಕಲ್ಲಿನದು ಕೈ ಕೊಡುತ್ತದೆ.

ಕಲ್ಲಿನ ಪ್ಲೇಟ್‌ಗೂ ಎರಡೇ ಕಲ್ಲು. ಅಗೆದಾಗ ಸಿಗುವ ಒರಟು ಕಲ್ಲು ಆಗಲ್ಲ, ಅದನ್ನು ಕುಲುಮೆಯಲ್ಲಿ ಒಮ್ಮೆ ಸುಟ್ಟಾಗ ಸಿಗುವ ಕಲ್ಲು ಬೇಕು. ಇದು ಆಟಗಾರರನ್ನು ಮತ್ತು ಪ್ರಾಣಿ, ರಾಕ್ಷಸರನ್ನು ಮಾತ್ರ ಹಿಡಿಯುತ್ತದೆ. ಮೊಟ್ಟೆ, ರೊಟ್ಟಿ, ಬಾಣಕ್ಕೆ ಜಗ್ಗಲ್ಲ. ಮೊಟ್ಟೆಯ ಸಮಸ್ಯೆ ಇಲ್ಲಿಗೆ ಮುಗಿಯಿತು, ಕೋಳಿಯ ಸಮಸ್ಯೆ ಮುಗಿಯಲಿಲ್ಲ. ಎರಡೂ ಪ್ಲೇಟ್‌ಗಳು 15ರ ಪೂರ್ತಿ ಬಲ ಕೊಡುತ್ತವೆ, ಕಾಲು ತೆಗೆದ ಮೇಲೂ ಸುಮಾರು ಒಂದು ಸೆಕೆಂಡ್ ಒತ್ತಿಕೊಂಡೇ ಇರುತ್ತವೆ. ಬಾವಲಿ ಒಂದಕ್ಕೆ ಮಾತ್ರ ಪ್ಲೇಟ್ ಅಲುಗುವುದಿಲ್ಲ. ಗುಹೆಯಲ್ಲಿ ಬಾವಲಿ ಹಾರಾಡುತ್ತಿದ್ದರೆ ಅಷ್ಟರ ಮಟ್ಟಿಗೆ ನೆಮ್ಮದಿ.

ಸರ್ವೈವಲ್ ಮನೆ ಕಟ್ಟುವವರಿಗೆ ನನ್ನದೊಂದು ಕಟ್ಟುನಿಟ್ಟಿನ ಮಾತು: ಬಾಗಿಲ ಹೊರಗೆ ಪ್ಲೇಟ್ ಇಡಬೇಡಿ. ನಿಮ್ಮನ್ನು ಅಟ್ಟಿಸಿಕೊಂಡು ಬಂದ ಝಾಂಬಿಯೂ ಅದರ ಮೇಲೇ ಕಾಲಿಡುತ್ತದೆ, ಬಾಗಿಲು ಅದಕ್ಕೂ ತೆರೆಯುತ್ತದೆ. ಹೊರಗೆ ಬಟನ್, ಒಳಗೆ ಪ್ಲೇಟ್. ಬಾಗಿಲು ಕಬ್ಬಿಣದ್ದಾಗಿರಲಿ.

ಚಿನ್ನದ ಪ್ಲೇಟ್ ಬೇರೆಯೇ ಜಾತಿ. 2013ರ ಮಾರ್ಚ್‌ನಲ್ಲಿ ಬಂದ 1.5 ಆವೃತ್ತಿಯಲ್ಲಿ ಇದೂ ಕಬ್ಬಿಣದ ಪ್ಲೇಟೂ ಒಟ್ಟಿಗೆ ಸೇರಿದವು. ಚಿನ್ನದ್ದು ತಲೆ ಎಣಿಸುತ್ತದೆ. ಮೇಲೆ ಒಬ್ಬರಿದ್ದರೆ ಬಲ 1, ನಾಲ್ವರಿದ್ದರೆ 4, ಹೀಗೆ 15ರವರೆಗೆ. "ನಾಲ್ವರೂ ಬಂದ ಮೇಲೇ ಬಾಗಿಲು" ಎಂಬ ಆಸೆ ಇದ್ದವರಿಗೆ ಹೇಳಿ ಮಾಡಿಸಿದ್ದು. ಪ್ಲೇಟ್‌ನಿಂದ ನೇರವಾಗಿ ನಾಲ್ಕು ಬ್ಲಾಕ್ ರೆಡ್‌ಸ್ಟೋನ್ ಪುಡಿ ಎಳೆದು ಕೊನೆಗೊಂದು ರಿಪೀಟರ್ (ಸೊರಗಿದ ಸಿಗ್ನಲ್‌ಗೆ ಮತ್ತೆ ಪೂರ್ತಿ ಬಲ ತುಂಬುವ ಬ್ಲಾಕ್) ಇಡಿ. ಮೂವರು ನಿಂತರೆ ಸಿಗ್ನಲ್ ಮೂರನೇ ಬ್ಲಾಕ್‌ಗೇ ಸುಸ್ತಾಗುತ್ತದೆ. ನಾಲ್ಕನೆಯವಳು ಬಂದಾಗ ಮಾತ್ರ ರಿಪೀಟರ್‌ವರೆಗೆ ಮುಟ್ಟುತ್ತದೆ. ಹುಡುಗಿಯರು ಇದನ್ನು ಮಾಡಿ ನೋಡಿದರು, ಒಂದೇ ಬ್ಲಾಕ್ ಮೇಲೆ ನಾಲ್ವರೂ ತಳ್ಳಾಡುತ್ತಾ ನಿಂತು ಕಿಲಕಿಲ ನಕ್ಕರು. ಆದರೆ ಇದರಲ್ಲೂ ಕಳ್ಳದಾರಿ ಇದೆ. ಚಿನ್ನದ ಪ್ಲೇಟ್ ಬಿದ್ದ ವಸ್ತುಗಳನ್ನೂ ಎಣಿಸುತ್ತದೆ. ಒಂದೇ ಜಾತಿಯ ವಸ್ತುಗಳ ಗುಂಪನ್ನು ಒಂದೇ ಎಂದುಕೊಳ್ಳುತ್ತದೆ, ನಿಜ. ಆದರೆ ಒಬ್ಬಳೇ ಬಂದು ಒಂದು ಕಲ್ಲು, ಒಂದು ಕಡ್ಡಿ, ಒಂದು ಬೀಜ ಎಸೆದು ತಾನೂ ಹತ್ತಿ ನಿಂತರೆ ನಾಲ್ಕಾಯಿತು. ಮೋಸ ತಡೆಯಬೇಕೆಂದರೆ ನಾಲ್ಕು ಕಲ್ಲಿನ ಪ್ಲೇಟ್‌ಗಳನ್ನು ದೂರದೂರ ಇಟ್ಟು, ನಾಲ್ಕೂ ಒತ್ತಿದಾಗ ಮಾತ್ರ ಕೆಲಸ ಮಾಡುವ ಸರ್ಕ್ಯೂಟ್ ಕಟ್ಟಬೇಕು. ಪುಡಿ ಜಾಸ್ತಿ ಬೇಕು, ತಲೆನೋವೂ ಜಾಸ್ತಿ, ಆದರೆ ಗಟ್ಟಿ.

ಕಬ್ಬಿಣದ್ದು ಹತ್ತು ಹತ್ತಾಗಿ ಎಣಿಸುತ್ತದೆ: 1ರಿಂದ 10ರವರೆಗೆ ಎಷ್ಟಿದ್ದರೂ ಬಲ ಒಂದೇ. ಮನೆಮಂದಿ ಆಡುವ ಮ್ಯಾಪ್‌ಗೆ ಇದರಿಂದ ಉಪಯೋಗವಿಲ್ಲ. ಎರಡು ಗಟ್ಟಿ ಕಬ್ಬಿಣ ಉಳಿಸಿಕೊಳ್ಳಿ.

ಎಲ್ಲ ಪ್ಲೇಟ್‌ಗಳಿಗೂ ಇರುವ ಮಿತಿ ಒಂದೇ, ಅವು ನೋಡುವುದು ಒಂದು ಬ್ಲಾಕ್ ಮಾತ್ರ. ಕಣ್ಣಿಗೂ ಬೀಳುತ್ತವೆ. ಕಂಡವರು ಜಿಗಿದು ದಾಟುತ್ತಾರೆ. ದಾರಿಯ ಅಗಲಕ್ಕೂ ಎರಡು ಮೂರು ಸಾಲು ಹಾಸಿದರೆ ಜಿಗಿತ ತಪ್ಪಿಸಬಹುದು, ಆದರೆ ಆಗ ಅದು ಬಲೆಯಂತೆ ಕಾಣಲ್ಲ, ಸ್ನಾನದ ಮನೆಯ ಟೈಲ್ಸ್‌ನಂತೆ ಕಾಣುತ್ತದೆ.

ದಾರ ಕಟ್ಟುವವರು ಎತ್ತರ ನೋಡಿ ಕಟ್ಟಿ

ಟ್ರಿಪ್‌ವೈರ್ ಅಂದರೆ ಎದುರುಬದುರು ಎರಡು ಕೊಕ್ಕೆ, ನಡುವೆ ದಾರ. ಒಂದು ಕಬ್ಬಿಣ, ಒಂದು ಕಡ್ಡಿ, ಒಂದು ಹಲಗೆ ಸೇರಿಸಿದರೆ ಎರಡು ಕೊಕ್ಕೆ ಸಿಗುತ್ತವೆ. ದಾರಕ್ಕೆ ಜೇಡ ಹೊಡೆಯಬೇಕು. ಎರಡು ಕೊಕ್ಕೆಗಳ ನಡುವೆ 40 ಬ್ಲಾಕ್‌ವರೆಗೆ ದಾರ ಎಳೆಯಬಹುದು. ಅಗಲವಾದ ಬಯಲನ್ನು ಕಾಯಲು ಇಷ್ಟು ಅಗ್ಗದ ದಾರಿ ಬೇರೆ ಇಲ್ಲ. ದಾರ ಕಣ್ಣಿಗೆ ಬೀಳೋದು ಕಷ್ಟ, ಮಂದ ಬೆಳಕಿನಲ್ಲಂತೂ ಇಲ್ಲವೇ ಇಲ್ಲ ಅನ್ನಬೇಕು.

ಇದೂ ಮರದ ಪ್ಲೇಟ್‌ನಂತೆ ಎಸೆದ ವಸ್ತುವಿಗೂ ಪ್ರಾಣಿಗೂ ಒಂದೇ ಥರ ಮಿಡಿಯುತ್ತದೆ. ಹಾಗಾದರೆ ಕೋಳಿಯ ಕಾಟ ಇಲ್ಲೂ ಇದೆಯಲ್ಲ ಅಂದಿರಾ? ಅಲ್ಲೇ ಒಂದು ಉಪಾಯವಿದೆ, ಎಷ್ಟೋ ಜನ ಗಮನಿಸಿರಲ್ಲ. ದಾರವನ್ನು ನೆಲಕ್ಕೆ ಕಟ್ಟಬೇಡಿ. ನೆಲದಿಂದ ಒಂದು ಬ್ಲಾಕ್ ಮೇಲೆ, ಅಂದರೆ ಎದೆಯ ಮಟ್ಟಕ್ಕೆ ಕಟ್ಟಿ. ಆಟಗಾರನ ಎತ್ತರ 1.8 ಬ್ಲಾಕ್. ನಡೆದು ಬಂದರೆ ದಾರ ತಾಗಲೇಬೇಕು, ಬಗ್ಗಿ ನಡೆದರೂ ತಾಗುತ್ತದೆ. ಕೋಳಿ, ಹಂದಿ, ಜೇಡ ಇವೆಲ್ಲ ಒಂದು ಬ್ಲಾಕ್‌ಗಿಂತ ಗಿಡ್ಡ. ಅವು ದಾರದ ಕೆಳಗೆ ಆರಾಮಾಗಿ ಓಡಾಡಿಕೊಂಡಿರುತ್ತವೆ. ನೆಲಕ್ಕೆ ಬಿದ್ದ ಮೊಟ್ಟೆಯೂ ಲೆಕ್ಕಕ್ಕಿಲ್ಲ. ಜಿಗಿದು ದಾಟುವ ಆಟವೂ ನಡೆಯಲ್ಲ. ಹಸು, ಕುರಿ, ಝಾಂಬಿ ಮಾತ್ರ ಎತ್ತರದವು, ಅವು ತಾಗುತ್ತವೆ. ಸರ್ವೈವಲ್ ಸಾಮಾನಿನಲ್ಲೇ ಆಟಗಾರನನ್ನು ಕೋಳಿಯಿಂದ ಬೇರೆ ಮಾಡಲು ಇಷ್ಟು ಸರಳವಾದದ್ದು ನನಗೆ ಬೇರೆ ಗೊತ್ತಿಲ್ಲ. ತೆವಳಿಕೊಂಡು ಬರುವವನು ಅಡಿಯಲ್ಲಿ ನುಸುಳಿಯಾನು. ನುಸುಳಲಿ ಬಿಡಿ, ಅಷ್ಟು ಕಷ್ಟಪಟ್ಟವನಿಗೆ ನಿಧಿ ಸಿಗಬೇಕಾದದ್ದೇ.

ಕತ್ತರಿಯಿಂದ ದಾರ ಕತ್ತರಿಸಿದರೆ ಸಿಗ್ನಲ್ ಬರುವುದಿಲ್ಲ, ಕೈಯಿಂದ ಕಿತ್ತರೆ ಬರುತ್ತದೆ. ಬಲೆಯ ಮ್ಯಾಪ್‌ಗೆ ಇದೊಂದು ಒಳ್ಳೆಯ ಗುಣ. ಎಚ್ಚರದಿಂದ ನೋಡಿಕೊಂಡು ಬಂದವನಿಗೆ ಬಲೆ ಬಿಚ್ಚಲು ಒಂದು ದಾರಿ ಸಿಗುತ್ತದೆ. ನಿಮ್ಮ ಮ್ಯಾಪ್ ಅಡ್ವೆಂಚರ್ ಮೋಡ್‌ನಲ್ಲಿದ್ದರೆ ಮಾತ್ರ ಆಟಗಾರರು ಏನನ್ನೂ ಒಡೆಯಲಾರರು, ಆಗ ಕತ್ತರಿಯ ಆಟ ಇರಲ್ಲ.

ದಾರದ ದೊಡ್ಡ ಕೊರತೆ ಅಂದರೆ ದಾಟುವಾಗ ಮಾತ್ರ ಮಾತಾಡುತ್ತದೆ. ದಾಟಿದವನು ಒಳಗೇ ಇದ್ದಾನಾ, ಹಿಂದೆ ಹೋದನಾ, ಅದಕ್ಕೆ ತಿಳಿಯದು. ದಾರ ದಾಟಿದಾಗ ಬಾಗಿಲು ತೆರೆದು ಅವನು ಹೋಗುವವರೆಗೆ ತೆರೆದೇ ಇರಲಿ ಅಂದರೆ ಇದರಿಂದ ಆಗಲ್ಲ.

ಸ್ಕಲ್ಕ್ ಸೆನ್ಸರ್: ಕೇಳಿಸಿಕೊಳ್ಳುವ ಬ್ಲಾಕ್

ಮಕ್ಕಳಿಗೆಲ್ಲ ಇದರ ಮೇಲೇ ಕಣ್ಣು. 2022ರ ಜೂನ್‌ನ 1.19 ಆವೃತ್ತಿಯಲ್ಲಿ ನೆಲದಾಳದ ಡೀಪ್ ಡಾರ್ಕ್ ಜೊತೆಗೆ ಇದು ಬಂತು. ಮುಟ್ಟಬೇಕಿಲ್ಲ, ಮೆಟ್ಟಬೇಕಿಲ್ಲ. ಸುತ್ತ 8 ಬ್ಲಾಕ್‌ನೊಳಗೆ ಯಾರೇ ಹೆಜ್ಜೆ ಹಾಕಲಿ, ಬ್ಲಾಕ್ ಒಡೆಯಲಿ, ಪೆಟ್ಟಿಗೆ ತೆಗೆಯಲಿ, ಅದರ ಕಂಪನ ಹಿಡಿದು ಸಿಗ್ನಲ್ ಕೊಡುತ್ತದೆ. ಕಂಪನ ಹತ್ತಿರದ್ದಾದಷ್ಟೂ ಸಿಗ್ನಲ್ ಜೋರು. ಬಗ್ಗಿ ಮೆಲ್ಲಗೆ ನಡೆದರೆ ಹೆಜ್ಜೆ ಕೇಳಿಸಲ್ಲ. ನಡುವೆ ಉಣ್ಣೆಯ ಬ್ಲಾಕ್ ಇದ್ದರೂ ಕೇಳಿಸಲ್ಲ.

ಹೆದರಿಸುವ ಮ್ಯಾಪ್‌ಗೆ ಇದನ್ನು ಬಿಟ್ಟರೆ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಕತ್ತಲೆ ಓಣಿ, ಗೋಡೆಯೊಳಗೆ ಸೆನ್ಸರ್, ಓಡಿದರೆ ದೀಪ ಆರಬೇಕು, ಮೆಲ್ಲಗೆ ಹೋದರೆ ಉಳಿಯಬೇಕು. ಆಟಗಾರ ಹೇಗೆ ನಡೆದ ಎಂಬುದಕ್ಕೆ ಉತ್ತರ ಕೊಡುವ ಸೆನ್ಸರ್ ಇದೊಂದೇ. ಪ್ಲೇಟ್‌ಗೆ ಬಗ್ಗಿದರೂ ಅಷ್ಟೆ, ಓಡಿದರೂ ಅಷ್ಟೆ.

ಆದರೆ ಬಾಗಿಲು ತೆರೆಯಲು ಇದನ್ನಿಟ್ಟವರ ಪಾಡು ನೋಡಲಾಗದು. ನಾನೇ ಒಂದು ಸಂಜೆ ಪೂರ್ತಿ ಕಳೆದಿದ್ದೇನೆ. ಸೆನ್ಸರ್ ಹೆಜ್ಜೆ ಕೇಳಿತು, ಬಾಗಿಲು ತೆರೆಯಿತು. ಬಾಗಿಲು ತೆರೆದದ್ದೂ ಒಂದು ಕಂಪನವೇ, ಅಲ್ವಾ? ಸೆನ್ಸರ್ ಅದನ್ನೂ ಕೇಳಿತು. ಮುಚ್ಚಿತು, ಅದನ್ನೂ ಕೇಳಿತು. ನಾನು ದೂರ ಹೋಗಿ ನಿಂತು ನೋಡಿದರೂ ಬಾಗಿಲು ತನ್ನಷ್ಟಕ್ಕೆ ತಾನೇ ಪಟಪಟ ಅನ್ನುತ್ತಲೇ ಇತ್ತು. ಬ್ಲಾಕ್ ತಳ್ಳುವ ಪಿಸ್ಟನ್‌ನಿಂದ ಸರಿಯುವ ಗೋಡೆಯಾದರೂ ಇದೇ ಕಥೆ. ಇದಕ್ಕೆ ಮದ್ದು ಎಂದರೆ ಸೆನ್ಸರ್ ಮತ್ತು ಬಾಗಿಲ ನಡುವೆ ಉಣ್ಣೆಯ ಗೋಡೆ ಎಬ್ಬಿಸುವುದು, ಇಲ್ಲವೇ ಕ್ಯಾಲಿಬ್ರೇಟೆಡ್ ಸ್ಕಲ್ಕ್ ಸೆನ್ಸರ್ ಬಳಸುವುದು.

ಕ್ಯಾಲಿಬ್ರೇಟೆಡ್ ಬಂದದ್ದು 2023ರ ಜೂನ್‌ನಲ್ಲಿ, 1.20ರ ಜೊತೆಗೆ. ಸಾಮಾನ್ಯ ಸೆನ್ಸರ್‌ಗೆ ಮೂರು ಅಮೆಥಿಸ್ಟ್ ಚೂರು ಸೇರಿಸಿದರೆ ಆಯಿತು. ಕಿವಿ 16 ಬ್ಲಾಕ್‌ವರೆಗೆ ಚಾಚುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಹಿಂಬದಿಯಿಂದ ಒಂದು ಸಿಗ್ನಲ್ ಕೊಟ್ಟರೆ ಆ ಸಂಖ್ಯೆಯ ಕಂಪನವನ್ನು ಮಾತ್ರ ಕೇಳುತ್ತದೆ, ಉಳಿದದ್ದಕ್ಕೆ ಕಿವುಡು. ಹೆಜ್ಜೆಯ ಸಂಖ್ಯೆ 1. ಬಲ 1ರ ಸಿಗ್ನಲ್ ತರೋದು ಹೇಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಒಂದು ಬ್ಯಾರೆಲ್‌ನಲ್ಲಿ ಒಂದೇ ಒಂದು ವಸ್ತು ಹಾಕಿ, ಪಕ್ಕದಲ್ಲಿ, ಒಳಗೆಷ್ಟಿದೆ ಎಂದು ಅಳೆದು ಸಿಗ್ನಲ್ ಕೊಡುವ ಕಂಪ್ಯಾರೇಟರ್ ಇಟ್ಟು ಸೆನ್ಸರ್‌ನ ಬೆನ್ನಿಗೆ ಸೇರಿಸಿ. ಆಗ ಬಾಗಿಲ ಪಟಪಟಕ್ಕೆ ಅದು ಸೊಪ್ಪು ಹಾಕಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಕೋಳಿಯ ಹೆಜ್ಜೆಯೂ ಹೆಜ್ಜೆಯೇ. ಅದು ಆಟಗಾರನದ್ದಾ, ಹಸುವಿನದ್ದಾ ಅಂತ ಸೆನ್ಸರ್ ವಿಚಾರಿಸಲ್ಲ. ಸುಮ್ಮನೆ ನಿಂತ ಆಟಗಾರ ಅದಕ್ಕೆ ಇಲ್ಲವೇ ಇಲ್ಲ. ಸರ್ವೈವಲ್‌ನಲ್ಲಿ ಬೆಲೆಯೂ ದುಬಾರಿ. ಸಿಲ್ಕ್ ಟಚ್ ಮಂತ್ರ ಹಾಕಿದ ಹತಾರ ಬೇಕು, ಇಲ್ಲದಿದ್ದರೆ ಒಡೆದಾಗ ಅನುಭವದ ಗುಂಡುಗಳಷ್ಟೇ ಸಿಗುತ್ತವೆ. ವಾರ್ಡನ್ ಎಂಬ ಭಯಂಕರ ರಾಕ್ಷಸ ಓಡಾಡುವ ಜಾಗಕ್ಕೆ ಇಳಿದು ತರಬೇಕು. ಬಾಗಿಲು ತೆರೆಯುವ ಕೆಲಸವೊಂದಕ್ಕೆ ಅಷ್ಟು ಜೀವ ತೇಯುವುದು ಬೇಡ.

ಮಧ್ಯದಲ್ಲೊಂದು ಮಾತು: ಟ್ರ್ಯಾಪ್ಡ್ ಚೆಸ್ಟ್

ಇದನ್ನು ಯಾರೂ ಸೆನ್ಸರ್ ಎಂದು ಕರೆಯಲ್ಲ. ಆದರೆ ನೋಡಿ, ಪೆಟ್ಟಿಗೆ ತೆರೆಯುವ ಕೈ ಬಹುಪಾಲು ಆಟಗಾರನದ್ದೇ. ಕೋಳಿ ತೆರೆಯಲ್ಲ, ಝಾಂಬಿ ತೆರೆಯಲ್ಲ, ಎಸೆದ ರೊಟ್ಟಿ ತೆರೆಯಲ್ಲ. ಮಾಮೂಲಿ ಪೆಟ್ಟಿಗೆಗೆ ಒಂದು ಕೊಕ್ಕೆ ಸೇರಿಸಿದರೆ ಟ್ರ್ಯಾಪ್ಡ್ ಚೆಸ್ಟ್. ತೆರೆದಿರುವಷ್ಟು ಹೊತ್ತು ಸಿಗ್ನಲ್ ಕೊಡುತ್ತದೆ, ಎಷ್ಟು ಜನ ತೆರೆದು ನೋಡುತ್ತಿದ್ದಾರೋ ಅಷ್ಟೇ ಬಲ. ಒಬ್ಬರೇ ಆದರೆ ಬಲ 1, ಹಾಗಾಗಿ ಪಕ್ಕದಲ್ಲೇ ರಿಪೀಟರ್ ಇಡಲು ಮರೆಯಬೇಡಿ, ಇಲ್ಲದಿದ್ದರೆ ಮುಂದಿನ ಬ್ಲಾಕ್‌ಗೇ ಸಾಯುತ್ತದೆ. ಬೀಗದ ಸುತ್ತ ಸಣ್ಣ ಕೆಂಪು ಗುರುತು ಇರುತ್ತದೆ, ಕಣ್ಣಿಟ್ಟು ನೋಡುವವರಿಗೆ ಅದೇ ಸುಳಿವು. ಆಟಗಾರ ತಾನಾಗಿ ಏನೋ ಒಂದು ಮಾಡಬೇಕು ಅನ್ನುವ ಕಡೆ ಇದು ಪ್ಲೇಟ್‌ಗಿಂತ ಎಷ್ಟೋ ಮೇಲು.

ಕಮಾಂಡ್ ಬ್ಲಾಕ್: ಹೆಸರು ಹಿಡಿದು ಕೇಳಬಹುದು

ಇದನ್ನು ಸರ್ವೈವಲ್‌ನಲ್ಲಿ ಮಾಡಿಕೊಳ್ಳಲು ಬರಲ್ಲ. ಚೀಟ್ಸ್ ಆನ್ ಮಾಡಿ, ಕ್ರಿಯೇಟಿವ್‌ಗೆ ಹೋಗಿ, ಗಿವ್ ಆಜ್ಞೆ ಕೊಟ್ಟು ತರಿಸಿಕೊಳ್ಳಬೇಕು. ಫೋನ್‌ನಲ್ಲಿ ಆಡುವ ಬೆಡ್‌ರಾಕ್ ಆವೃತ್ತಿಯಲ್ಲಿ ಚೀಟ್ಸ್ ಆನ್ ಮಾಡಿದರೆ ಆ ಲೋಕದಲ್ಲಿ ಅಚೀವ್‌ಮೆಂಟ್‌ಗಳು ಸಿಗಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿ. ಆಮೇಲೆ ಅತ್ತರೆ ಸಮಾಧಾನ ಮಾಡೋದು ಕಷ್ಟ. ಆಡುವ ಲೋಕ ಒಂದು, ಕಟ್ಟುವ ಲೋಕ ಇನ್ನೊಂದು ಅಂತ ಇಟ್ಟುಕೊಳ್ಳುವುದೇ ವಾಸಿ.

ಕೋಳಿಯ ಪ್ರಶ್ನೆಗೆ ಪೂರ್ತಿ ಉತ್ತರ ಇರೋದು ಇಲ್ಲೇ. "ಇಂಥ ಜಾಗದಲ್ಲಿ ಆಟಗಾರರು ಇದ್ದಾರಾ?" ಎಂದು ನೇರವಾಗಿ ಕೇಳಬಹುದು. ಕಂಪ್ಯೂಟರ್‌ನಲ್ಲಿ ಆಡುವ ಜಾವಾ ಆವೃತ್ತಿಯಲ್ಲಿ ಎಕ್ಸಿಕ್ಯೂಟ್ ಇಫ್ ಎಂಟಿಟಿ ಎಂಬ ಆಜ್ಞೆ. ಇದೇ ಕೆಲಸ ಮಾಡುತ್ತಿದ್ದ ಹಳೆಯ ಟೆಸ್ಟ್‌ಫಾರ್ ಆಜ್ಞೆಯನ್ನು 2018ರ 1.13ರಲ್ಲಿ ಜಾವಾದಿಂದ ತೆಗೆದುಹಾಕಿದರು, ಬೆಡ್‌ರಾಕ್‌ನಲ್ಲಿ ಅದು ಇನ್ನೂ ಇದೆ. ಹಳೆಯ ವಿಡಿಯೊ ನೋಡಿ ಟೈಪ್ ಮಾಡಿ "ಬರ್ತಿಲ್ಲ" ಅನ್ನುವವರ ಗೋಳಿಗೆ ಬಹುಪಾಲು ಇದೇ ಕಾರಣ. ಆಜ್ಞೆಯ ಕೊನೆಗೆ ಆಟಗಾರರೆಲ್ಲ ಎಂಬರ್ಥದ ಅಟ್-ಎ (@a), ಅದರ ಜೊತೆ ಎಷ್ಟು ದೂರದೊಳಗೆ ಎಂಬುದು. ನೇರಳೆ ಬಣ್ಣದ ರಿಪೀಟಿಂಗ್ ಕಮಾಂಡ್ ಬ್ಲಾಕ್‌ನಲ್ಲಿ ಇದನ್ನು ಹಾಕಿ "ಯಾವಾಗಲೂ ಆನ್" ಎಂದಿಟ್ಟರೆ ಸೆಕೆಂಡಿಗೆ 20 ಸಲ ನೋಡುತ್ತಲೇ ಇರುತ್ತದೆ. ಪಕ್ಕಕ್ಕೊಂದು ಕಂಪ್ಯಾರೇಟರ್ ಇಟ್ಟರೆ, ಯಾರಾದರೂ ಇರುವಷ್ಟು ಹೊತ್ತು ಸಿಗ್ನಲ್. ದಾರಕ್ಕೆ ಆಗದ ಕೆಲಸ ಇದಕ್ಕೆ ಲೀಲಾಜಾಲ.

ಆದರೆ "5 ಬ್ಲಾಕ್ ದೂರ" ಅಂದರೆ ಅದು ಗೋಳ. ಗೋಡೆ, ಮಾಳಿಗೆ ಏನನ್ನೂ ಲೆಕ್ಕಿಸಲ್ಲ. ನೆಲಮಾಳಿಗೆಯಲ್ಲಿ ಓಡಾಡುವವನಿಗೂ ಮೇಲಿನ ಬಾಗಿಲು ತೆರೆದುಕೊಳ್ಳುತ್ತದೆ. ಕೋಣೆಯಷ್ಟೇ ಬೇಕಾದರೆ ದೂರದ ಬದಲು ಪೆಟ್ಟಿಗೆಯ ಆಕಾರ ಕೊಡಿ: ಒಂದು ಮೂಲೆಯ ಎಕ್ಸ್, ವೈ, ಝಡ್, ಆಮೇಲೆ ಡಿಎಕ್ಸ್, ಡಿವೈ, ಡಿಝಡ್ ಎಂದು ಅಳತೆ. ಇಲ್ಲೊಂದು ಎಡವುವ ಜಾಗ ಇದೆ. ಡಿಎಕ್ಸ್ 4 ಎಂದರೆ ಅಗಲ 5 ಬ್ಲಾಕ್, ಯಾಕೆಂದರೆ ಮೂಲೆಯ ಬ್ಲಾಕ್ ಬೇರೆ ಲೆಕ್ಕ. ಸುಮ್ನೆ ನೋಡಲು ಬಂದ ಸ್ಪೆಕ್ಟೇಟರ್‌ಗಳೂ ಅಟ್-ಎ ಒಳಗೆ ಬರುತ್ತಾರೆ, ಗೇಮ್‌ಮೋಡ್ ಷರತ್ತು ಹಾಕಿ ಅವರನ್ನು ಹೊರಗಿಡಿ.

ಪ್ಲೇಟ್, ದಾರ, ಸ್ಕಲ್ಕ್ ಮೂರಕ್ಕೂ ಇಲ್ಲದ ಇನ್ನೊಂದು ಶಕ್ತಿ ಇದಕ್ಕಿದೆ, ಅದು ನೆನಪು. ಕಥೆಯ ಸಾಲು ಒಮ್ಮೆ ತೋರಿಸಿದ ಮೇಲೆ ಆ ಆಟಗಾರನಿಗೆ ಒಂದು ಟ್ಯಾಗ್ ಅಂಟಿಸಿ, ಟ್ಯಾಗ್ ಇಲ್ಲದವರಿಗೆ ಮಾತ್ರ ತೋರಿಸು ಅಂದರೆ ಮತ್ತೆ ಮತ್ತೆ ಅದೇ ಮಾತು ಬರಲ್ಲ. ನಾಲ್ವರು ಆಡುತ್ತಿದ್ದರೆ ನಾಲ್ವರಿಗೂ ಅವರವರ ಲೆಕ್ಕ. ಓಟದ ಪಂದ್ಯದಲ್ಲಿ ಯಾರು ಮೊದಲು ಮುಟ್ಟಿದರು ಎಂಬುದೂ ಹೀಗೇ. ದಾರ ಕಟ್ಟಿದರೆ ಯಾರೋ ಮುಟ್ಟಿದರು ಅಂತಷ್ಟೇ ಗೊತ್ತಾಗುತ್ತದೆ, ಆಮೇಲೆ ಜಗಳ ಬಿಡಿಸಲು ನೀವೇ ಹೋಗಬೇಕು.

ಭಾರದ ಮಾತು. ಒಂದೆರಡು ರಿಪೀಟಿಂಗ್ ಬ್ಲಾಕ್‌ನಿಂದ ಯಾವ ಫೋನೂ ಸುಸ್ತಾಗಲ್ಲ. ಕೋಣೆಗೊಂದರಂತೆ ನಲವತ್ತು ಐವತ್ತು ಇಟ್ಟು, ಅವುಗಳಲ್ಲಿ ಆಟಗಾರರನ್ನು ಮಾತ್ರ ಹುಡುಕುವ ಅಟ್-ಎ ಬದಲು ಸಕಲ ಜೀವಿಗಳನ್ನೂ ತಡಕುವ ಅಟ್-ಇ ಹಾಕಿದರೆ ಹಳೆಯ ಫೋನ್ ಬಿಸಿಯಾಗತೊಡಗುತ್ತದೆ. ಇನ್ನೊಂದು, ಕಮಾಂಡ್ ಬ್ಲಾಕ್‌ಗಳನ್ನೆಲ್ಲ ಮ್ಯಾಪ್‌ನ ಒಂದು ಮೂಲೆಯಲ್ಲಿ ಗುಡ್ಡೆ ಹಾಕಿಟ್ಟರೆ, ಆಟಗಾರ ದೂರ ಹೋದಾಗ ಆ ಭಾಗ ಲೋಡ್ ಆಗಿರಲ್ಲ, ಬ್ಲಾಕ್‌ಗಳೂ ಮಲಗಿಬಿಡುತ್ತವೆ. ಜಾವಾದಲ್ಲಿ ಫೋರ್ಸ್‌ಲೋಡ್, ಬೆಡ್‌ರಾಕ್‌ನಲ್ಲಿ ಟಿಕಿಂಗ್ ಏರಿಯಾ ಎಂಬ ಆಜ್ಞೆ ಕೊಟ್ಟು ಆ ಜಾಗವನ್ನು ಎಚ್ಚರವಿಡಬೇಕು. ಪ್ಲೇಟ್‌ಗೂ ದಾರಕ್ಕೂ ಈ ಚಿಂತೆ ಕಡಿಮೆ, ಮೆಟ್ಟುವವನು ಅಲ್ಲೇ ಇರುತ್ತಾನಲ್ಲ. ಅವು ತೆರೆಯುವ ಬಾಗಿಲು ಮಾತ್ರ ತೀರಾ ದೂರ ಇರಬಾರದು.

ಹಾಗಾದರೆ ನಿಮಗೆ ಯಾವುದು

ಸರ್ವೈವಲ್‌ನಲ್ಲಿ ಮೊದಲ ವಾರ, ಕೈಯಲ್ಲಿ ಕಾಸಿಲ್ಲ ಅನ್ನುವವರು ಕಲ್ಲಿನ ಪ್ಲೇಟ್ ಇಡಿ, ಸುತ್ತ ಬೇಲಿ ಹಾಕಿ. ಬೇಲಿಯ ಖರ್ಚು ಸೆನ್ಸರ್‌ಗಿಂತ ಜಾಸ್ತಿಯಾದರೂ ಅದೇ ಪರಿಹಾರ. ಗೆಳೆಯರನ್ನು ಬೀಳಿಸುವ ಬಲೆಗೆ ದಾರ. ಹೆದರಿಸಲು ಸ್ಕಲ್ಕ್, ಅದೂ ಕ್ರಿಯೇಟಿವ್‌ನಲ್ಲಿ ಕಟ್ಟುತ್ತಿದ್ದರೆ. ಕಥೆ, ಪಂದ್ಯ, ತಂಡದಾಟ ಇದ್ದರೆ ಕಮಾಂಡ್ ಬ್ಲಾಕ್ ಕಲಿಯುವುದನ್ನು ಮುಂದೂಡಬೇಡಿ. ಎಲ್ಲವನ್ನೂ ರೆಡ್‌ಸ್ಟೋನ್‌ನಲ್ಲೇ ಮಾಡುತ್ತೇನೆ ಅಂತ ಹಟ ಹಿಡಿದವರು ಎರಡು ವಾರ ಕಳೆದು ಅಲ್ಲಿಗೇ ಬರುತ್ತಾರೆ.

ನಾನು ಹೆಚ್ಚಾಗಿ ಬಳಸೋದು ಎರಡರ ಜೋಡಿ. ಕಲ್ಲಿನ ಪ್ಲೇಟ್, ಅದರ ಸಿಗ್ನಲ್‌ಗೆ ಕಾದಿರುವ ಕಿತ್ತಳೆ ಬಣ್ಣದ ಇಂಪಲ್ಸ್ ಕಮಾಂಡ್ ಬ್ಲಾಕ್. ಸೆಕೆಂಡಿಗೆ 20 ಸಲ ನೋಡುವ ಕೆಲಸ ಇಲ್ಲ, ಮೆಟ್ಟಿದಾಗ ಒಮ್ಮೆ ಓಡುತ್ತದೆ. ಚೆಕ್‌ಪಾಯಿಂಟ್‌ಗೆ ಇದು ಪಕ್ಕಾ: ಪ್ಲೇಟ್ ಮೆಟ್ಟಿದವರ ಸ್ಪಾನ್ ಜಾಗ (ಸತ್ತ ಮೇಲೆ ಮತ್ತೆ ಹುಟ್ಟುವ ಜಾಗ) ಅಲ್ಲಿಗೆ ಬದಲಾಗುತ್ತದೆ. ಆದರೆ ಮೆಟ್ಟಿದ್ದು ಯಾರೆಂದು ಪ್ಲೇಟ್ ಹೇಳಲ್ಲ, ಕಮಾಂಡ್ ಬ್ಲಾಕ್ ಅಟ್-ಪಿ ಮೂಲಕ ಹತ್ತಿರದವರನ್ನು ಹಿಡಿಯುತ್ತದೆ. ಕೋಳಿ ಮೆಟ್ಟಿದರೆ, ಹತ್ತಿರದವರು ಎಂದರೆ ನೂರು ಬ್ಲಾಕ್ ಆಚೆ ಇರುವವರೂ ಆಗಬಹುದು! ಅದಕ್ಕೇ ಅಟ್-ಪಿ ಜೊತೆ 3 ಬ್ಲಾಕ್ ದೂರದೊಳಗೆ ಎಂಬ ಮಿತಿ ಹಾಕಿ, ಕಮಾಂಡ್ ಬ್ಲಾಕನ್ನು ಪ್ಲೇಟ್‌ನ ಕೆಳಗೇ ಹೂತಿಡಿ. ಕೋಳಿ ಮೆಟ್ಟಿದಾಗ ಸುತ್ತ ಯಾರೂ ಇಲ್ಲದಿದ್ದರೆ ಆಜ್ಞೆ ಸುಮ್ಮನೆ ಸೋಲುತ್ತದೆ, ಏನೂ ಆಗಲ್ಲ.

ಗುಹೆಯ ವಿಷಯಕ್ಕೆ ಬಂದರೆ, ಹುಡುಗಿಯರು ಅಚೀವ್‌ಮೆಂಟ್ ಬಿಟ್ಟುಕೊಡಲು ಒಪ್ಪಲಿಲ್ಲ. ಹಾಗಾಗಿ ಕಮಾಂಡ್ ಬ್ಲಾಕ್ ಇಲ್ಲ. ಎದೆಮಟ್ಟಕ್ಕೆ ದಾರ ಕಟ್ಟಿದರು, ಗೋಡೆ ಮುಚ್ಚಿಕೊಳ್ಳುವ ಮೊದಲು ಓಡಿ ಒಳಗೆ ಸೇರಬೇಕು ಎಂಬುದನ್ನೇ ಆಟದ ನಿಯಮ ಮಾಡಿಕೊಂಡರು. ಕೋಳಿಯನ್ನು ಓಡಿಸಲಿಲ್ಲ. ಈಗ ಅದು ದಾರದ ಕೆಳಗೇ ಅಡ್ಡಾಡುತ್ತಾ ಗುಹೆಯ ಬಾಗಿಲಲ್ಲಿ ಮೊಟ್ಟೆ ಇಡುತ್ತದೆ, ಹೋದಾಗಲೆಲ್ಲ ಅವರು ಹೆಕ್ಕಿಕೊಳ್ಳುತ್ತಾರೆ.